ಚಲನ್ ಎಣಿಸುವ ಅಳತೆಗೋಲು

ಶಾಲಾ ಬಸ್ಸಿನ ಚಾಲಕ ಯಾರಾಗಿರಬೇಕು, ಅವನ ಪೂರ್ವಾಪರವನ್ನು ಯಾರು ಹೇಗೆ ವಿಚಾರಿಸಬೇಕು ಎಂಬ ಪ್ರಶ್ನೆ ಭಾರತದಲ್ಲಿ ಎದ್ದಾಗಲೆಲ್ಲ ಒಂದೇ ಪಠ್ಯವನ್ನು ಪ್ರಮಾಣವೆಂದು ಮುಂದಿಡುವುದು ರೂಢಿಯಾಗಿದೆ. ಎಂ. ಸಿ. ಮೆಹ್ತಾ ಅವರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1997ರ ನವೆಂಬರ್ 20ರಂದು ನೀಡಿದ ನಿರ್ದೇಶನಗಳು ಮತ್ತು ಅವುಗಳಿಂದ ಕವಲೊಡೆದ ಮಾರ್ಗಸೂಚಿಗಳೇ ಆ ಪಠ್ಯ. ಸಿಬಿಎಸ್‌ಇ ಸುತ್ತೋಲೆಗಳು ಅದನ್ನು ನಕಲು ಮಾಡಿವೆ, ರಾಜ್ಯಗಳು ಅದರ ಅಂಶಗಳನ್ನು ತಮ್ಮ ನಿಯಮಗಳಿಗೆ ಸೇರಿಸಿಕೊಂಡಿವೆ, ಪ್ರತಿ ದುರಂತದ ಮರುದಿನ ಪತ್ರಿಕೆಗಳ ಸಂಪಾದಕೀಯಗಳು ಅದನ್ನು ಪಾಲಿಸಿದ್ದರೆ ಮಕ್ಕಳು ಉಳಿಯುತ್ತಿದ್ದರೆಂದು ಬರೆದಿವೆ. ಈ ಪಠ್ಯಕ್ಕೆ ಸಂದಿರುವ ಗೌರವ ಅದರ ಯೋಗ್ಯತೆಗಿಂತ ಬಹಳ ದೊಡ್ಡದೆಂಬುದು, ಅದರ ನೆರಳಿನಲ್ಲಿ 2020ರ ಇನ್ನೊಂದು ಉತ್ತಮ ನಿಯಮ ಯಾರ ಗಮನಕ್ಕೂ ಬಾರದೆ ಉಳಿದಿದೆಯೆಂಬುದು ಪ್ರಸ್ತುತ ಲೇಖನದ ವಾದ.

ಹಿನ್ನೆಲೆಯನ್ನು ವಿಸ್ತರಿಸುವ ಅಗತ್ಯವಿಲ್ಲ. 1997ರ ನವೆಂಬರ್ 18ರಂದು ದೆಹಲಿಯ ವಜೀರಾಬಾದ್ ಸೇತುವೆಯಿಂದ ಶಾಲಾ ಬಸ್ಸೊಂದು ಯಮುನೆಗೆ ಉರುಳಿ 25ಕ್ಕೂ ಹೆಚ್ಚು ಮಕ್ಕಳು ಸತ್ತರು. 1985ರಿಂದ ದೆಹಲಿಯ ವಾಹನ ಮಾಲಿನ್ಯದ ವಿಷಯದಲ್ಲಿ ನಡೆಯುತ್ತಿದ್ದ ಸಾರ್ವಜನಿಕ ಹಿತಾಸಕ್ತಿ ಅರ್ಜಿಯಲ್ಲಿ ಎರಡೇ ದಿನಗಳ ನಂತರ ನ್ಯಾಯಾಲಯದ ನಿರ್ದೇಶನಗಳು ಬಂದವು. ವೇಗನಿಯಂತ್ರಕ, ಹಳದಿ ಬಣ್ಣ, ಕಿಟಕಿಯ ಸರಳು, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ, ಬಸ್ಸಿನ ಮೇಲೆ ಶಾಲೆಯ ಹೆಸರು ಮುಂತಾದ ಅಂಶಗಳು ಓದುಗರಿಗೆ ಪರಿಚಿತವಾಗಿವೆ. ಅವುಗಳ ಉಪಯುಕ್ತತೆಯ ಬಗ್ಗೆ ಇಲ್ಲಿ ತಕರಾರಿಲ್ಲ. ಪರೀಕ್ಷೆಗೆ ಒಳಗಾಗಬೇಕಾದದ್ದು ಚಾಲಕನ ಅರ್ಹತೆಯನ್ನು ಕುರಿತ ಒಂದು ಷರತ್ತು ಮಾತ್ರ.

ಆ ಷರತ್ತು ಈಗ ಚಲಾವಣೆಯಲ್ಲಿರುವ ರೂಪದಲ್ಲಿ ಮೂರು ಭಾಗಗಳನ್ನು ಹೊಂದಿದೆ. ಚಾಲಕನಿಗೆ ಭಾರಿ ವಾಹನ ಓಡಿಸಿದ ಕನಿಷ್ಠ 5 ವರ್ಷಗಳ ಅನುಭವವಿರಬೇಕು ಎಂಬುದು ಮೊದಲನೆಯದು. ಕೆಂಪು ದೀಪ ದಾಟುವುದು, ಪಥಶಿಸ್ತು ಮುರಿಯುವುದು, ಅಧಿಕಾರವಿಲ್ಲದವರ ಕೈಗೆ ವಾಹನ ಕೊಡುವುದು ಮುಂತಾದ ತಪ್ಪುಗಳಿಗಾಗಿ ವರ್ಷದಲ್ಲಿ ಎರಡಕ್ಕಿಂತ ಹೆಚ್ಚು ಬಾರಿ ಚಲನ್ ಆದವನನ್ನು ನೇಮಿಸಬಾರದು ಎಂಬುದು ಎರಡನೆಯದು. ಅತಿವೇಗ, ಕುಡಿದು ಚಾಲನೆ, ಅಪಾಯಕಾರಿ ಚಾಲನೆಗಾಗಿ ಒಮ್ಮೆಯಾದರೂ ಚಲನ್ ಆದವನನ್ನು ನೇಮಿಸಲೇಬಾರದು ಎಂಬುದು ಮೂರನೆಯದು. ಕಟ್ಟುನಿಟ್ಟಾಗಿ ಕಾಣುವ, ಸಂಖ್ಯೆಗಳಲ್ಲಿ ಹೇಳಿದ, ಸುಲಭವಾಗಿ ನೆನಪಿನಲ್ಲಿ ಉಳಿಯುವ ಷರತ್ತು ಇದು. ಇದರ ಕೀರ್ತಿಗೆ ಕಾರಣವೂ ಈ ಗುಣಗಳೇ. ಆದರೆ ಒಂದೊಂದು ಪದವನ್ನೂ ಬಿಡಿಸಿ ನೋಡಿದಾಗ ಅದರ ಬಿಗಿ ಸಡಿಲವಾಗುತ್ತ ಹೋಗುತ್ತದೆ.

ಮೊದಲು ಅನುಭವವನ್ನು ತೆಗೆದುಕೊಳ್ಳಬಹುದು. 5 ವರ್ಷ ಎಂಬ ಅವಧಿಯನ್ನು ಕಚೇರಿಗಳು ಅಳೆಯುವುದು ಪರವಾನಗಿಯ ಮೇಲಿನ ದಿನಾಂಕದಿಂದ. ಆ ದಿನಾಂಕ ಹೇಳುವುದು ಪರವಾನಗಿಯ ವಯಸ್ಸನ್ನೇ ಹೊರತು, ಚಾಲಕ ಆ ವರ್ಷಗಳಲ್ಲಿ ಏನನ್ನು, ಎಲ್ಲಿ, ಹೇಗೆ ಓಡಿಸಿದನೆಂಬುದನ್ನು ಅದು ಹೇಳಲಾರದು. ರಾತ್ರಿಯಿಡೀ ಹೆದ್ದಾರಿಯಲ್ಲಿ ಸರಕು ಲಾರಿ ಓಡಿಸಿದ 5 ವರ್ಷಗಳೂ, ಹಳ್ಳಿಯಿಂದ ಹಳ್ಳಿಗೆ ಜನರನ್ನು ಹತ್ತಿಸಿ ಇಳಿಸಿದ 5 ವರ್ಷಗಳೂ ಈ ಷರತ್ತಿನ ಕಣ್ಣಿಗೆ ಒಂದೇ. ಶಾಲಾ ಬಸ್ಸಿನ ಚಾಲನೆಗೆ ಅದರದೇ ಆದ ಕಸುಬುದಾರಿಕೆ ಇದೆ: ಇಳಿದ ಮಗು ಬಸ್ಸಿನ ಮುಂದಿನಿಂದ ರಸ್ತೆ ದಾಟುವಾಗ ಚಾಲಕನ ನೋಟಕ್ಕೆ ಸಿಗದ ಕೆಲವು ಅಡಿಗಳ ಜಾಗವಿರುತ್ತದೆ; ಹಿಂದೆ ಸರಿಯುವಾಗ ಕನ್ನಡಿಯಲ್ಲಿ ಮಗುವಿನ ತಲೆ ಕಾಣುವುದಿಲ್ಲ; ಸಂಜೆ ಕೊನೆಯ ನಿಲ್ದಾಣದ ನಂತರ ಸೀಟಿನ ಮೇಲೆ ಮಗುವೊಂದು ನಿದ್ದೆಹೋಗಿದೆಯೇ ಎಂದು ಹಿಂಬದಿಯವರೆಗೆ ನಡೆದು ನೋಡಬೇಕಾಗುತ್ತದೆ. ಅಮೆರಿಕದಲ್ಲಿ ವಾಣಿಜ್ಯ ಚಾಲನಾ ಪರವಾನಗಿ ಪಡೆದವನೂ ಶಾಲಾ ಬಸ್ಸನ್ನು ಓಡಿಸಬೇಕಾದರೆ ‘ಎಸ್’ ಎಂಬ ಪ್ರತ್ಯೇಕ ಹಿಂಬರಹವನ್ನು, ಅಂದರೆ ಪರವಾನಗಿಯ ಮೇಲೆ ನಮೂದಾಗುವ ಹೆಚ್ಚುವರಿ ಅನುಮತಿಯನ್ನು, ಪಡೆಯಬೇಕು. ಅದಕ್ಕಾಗಿ ಮಕ್ಕಳನ್ನು ಹತ್ತಿಸಿ ಇಳಿಸುವ ಕ್ರಮ, ತುರ್ತು ನಿರ್ಗಮನ, ರೈಲ್ವೆ ಹಳಿ ದಾಟುವ ವಿಧಾನ ಇವುಗಳಲ್ಲಿ ಬೇರೆಯಾಗಿಯೇ ಪರೀಕ್ಷೆ ಕೊಡಬೇಕು. ಭಾರತದ 1988ರ ಮೋಟಾರು ವಾಹನ ಕಾಯ್ದೆ ‘ಶಿಕ್ಷಣ ಸಂಸ್ಥೆಯ ಬಸ್’ ಎಂಬುದನ್ನು ವ್ಯಾಖ್ಯಾನಿಸಿ ಸಾರಿಗೆ ವಾಹನಗಳ ಗುಂಪಿಗೆ ಸೇರಿಸಿದೆ. ಶಾಲಾ ಬಸ್ಸಿನ ಒಡಲು ಹೇಗಿರಬೇಕೆಂದು ಹೇಳುವ ಎಐಎಸ್-063 ಎಂಬ ಪ್ರತ್ಯೇಕ ಮಾನದಂಡವೂ ಇದೆ. ಆ ಬಸ್ಸನ್ನು ಓಡಿಸುವವನಿಗೆ ಮಾತ್ರ ಪ್ರತ್ಯೇಕ ಪರೀಕ್ಷೆಯಿಲ್ಲ. ಕೌಶಲವನ್ನು ಪರೀಕ್ಷಿಸದ ವ್ಯವಸ್ಥೆ ವರ್ಷಗಳನ್ನು ಎಣಿಸಿ ಸಮಾಧಾನ ಪಟ್ಟುಕೊಂಡಿದೆ.

ಷರತ್ತಿನ ಜೀವಾಳವೆನಿಸಿದ ‘ಚಲನ್’ ಎಂಬ ಪದ ಇನ್ನೂ ಹೆಚ್ಚಿನ ತೊಡಕಿನದು. ಚಲನ್ ಎಂದರೆ ಸಂಚಾರ ನಿಯಮದ ಉಲ್ಲಂಘನೆಗಾಗಿ ಪೊಲೀಸರು ಅಥವಾ ಸಾರಿಗೆ ಅಧಿಕಾರಿಗಳು ದಾಖಲಿಸುವ ದೂರು. ಅದು ಅಪರಾಧದ ನಿರ್ಣಯವಲ್ಲ. ಆರೋಪವನ್ನೇ ಅನರ್ಹತೆಗೆ ಆಧಾರವಾಗಿಸಿಕೊಂಡ ಷರತ್ತು ಒಂದೆಡೆ ತೀರ ಕಠಿಣವಾಗಿದೆ, ಏಕೆಂದರೆ ತಪ್ಪಾಗಿ ದಾಖಲಾದ ಒಂದು ಅತಿವೇಗದ ದೂರು ಚಾಲಕನೊಬ್ಬನ ಜೀವನೋಪಾಯವನ್ನು ಮುಗಿಸಬಲ್ಲದು. ಇನ್ನೊಂದೆಡೆ ಅದು ತೀರ ದುರ್ಬಲವಾಗಿದೆ, ಏಕೆಂದರೆ ಆ ದೂರು ಚಾಲಕನ ಹೆಸರಿನಲ್ಲಿ ದಾಖಲಾಗುತ್ತದೆಂಬ ಖಾತರಿಯೇ ಇಲ್ಲ. 1997ರಲ್ಲಿ ಪೊಲೀಸ್ ಸಿಬ್ಬಂದಿ ರಸ್ತೆಯಲ್ಲಿ ವಾಹನ ನಿಲ್ಲಿಸಿ, ಪರವಾನಗಿ ಕೇಳಿ, ರಸೀದಿ ಪುಸ್ತಕದಲ್ಲಿ ಬರೆಯುತ್ತಿದ್ದರು. ತಪ್ಪು ಮಾಡಿದ ಮನುಷ್ಯ ಎದುರಿಗಿರುತ್ತಿದ್ದ. ಈಗ ದೊಡ್ಡ ನಗರಗಳಲ್ಲಿ ಈ ಕೆಲಸವನ್ನು ಬಹುಪಾಲು ಕ್ಯಾಮೆರಾಗಳು ಮಾಡುತ್ತವೆ. ಬೆಂಗಳೂರಿನ ಕೂಡುರಸ್ತೆಗಳಲ್ಲಿ 2022ರ ಡಿಸೆಂಬರ್‌ನಲ್ಲಿ ಆರಂಭವಾದ ಸ್ವಯಂಚಾಲಿತ ವ್ಯವಸ್ಥೆ ಓದುವುದು ವಾಹನದ ನೋಂದಣಿ ಸಂಖ್ಯೆಯನ್ನು. ಇ-ಚಲನ್ ಹೋಗುವುದು ಆ ಸಂಖ್ಯೆಯ ಒಡೆಯನಿಗೆ, ಅಂದರೆ ಶಾಲೆಗೆ, ಟ್ರಸ್ಟಿಗೆ ಅಥವಾ ಬಸ್ಸು ಬಾಡಿಗೆಗೆ ಕೊಟ್ಟ ಗುತ್ತಿಗೆದಾರನಿಗೆ. ಆ ದಿನ ಸ್ಟೀರಿಂಗ್ ಹಿಡಿದವನು ಯಾರೆಂಬುದು ಕ್ಯಾಮೆರಾಗೆ ತಿಳಿಯದು. ಮಾಲೀಕರು ದಂಡ ಕಟ್ಟಿದರೆ ದಾಖಲೆ ಮುಗಿಯುತ್ತದೆ; 2023ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರ ಬಾಕಿ ದಂಡಗಳಿಗೆ ಶೇಕಡಾ 50ರ ರಿಯಾಯಿತಿ ಕೊಟ್ಟಾಗ ಜನ ಸಾಲುಗಟ್ಟಿ ನಿಂತು ತೀರಿಸಿದ ಬಾಕಿಯೂ ವಾಹನ ಸಂಖ್ಯೆಗಳ ಮೇಲಿನದೇ. ಹೀಗೆ ಎಷ್ಟೋ ಬಾರಿ ಕೆಂಪು ದೀಪ ದಾಟಿದ ಚಾಲಕನ ಸ್ವಂತ ಪುಟ ಖಾಲಿಯಾಗಿಯೇ ಉಳಿಯಬಹುದು, ಅವನು ಬೇರೊಂದು ಶಾಲೆಯ ಬಾಗಿಲಿಗೆ ಹೋದಾಗ ‘ಎರಡಕ್ಕಿಂತ ಹೆಚ್ಚು’ ಎಂಬ ಎಣಿಕೆ ಸೊನ್ನೆಯಿಂದ ಶುರುವಾಗುತ್ತದೆ. ಷರತ್ತು ಎಣಿಸಬೇಕೆಂದದ್ದು ಮನುಷ್ಯನ ತಪ್ಪುಗಳನ್ನು. ಈಗಿನ ವ್ಯವಸ್ಥೆ ಎಣಿಸುತ್ತಿರುವುದು ನಂಬರ್ ಪ್ಲೇಟಿನ ತಪ್ಪುಗಳನ್ನು.

ಮೂರನೆಯ ತೊಡಕು ಕಾಲಕ್ಕೆ ಸಂಬಂಧಿಸಿದ್ದು. ನೇಮಿಸಬಾರದು ಎಂಬ ಕ್ರಿಯಾಪದ ಒಂದು ದಿನದ ಕೆಲಸವನ್ನು ಸೂಚಿಸುತ್ತದೆ. ಚಾಲಕನನ್ನು ಸೇರಿಸಿಕೊಳ್ಳುವ ದಿನ ಡಿಎಲ್ ಪ್ರತಿ, ಬ್ಯಾಡ್ಜಿನ ಪ್ರತಿ, ಪೊಲೀಸರ ನಡತೆ ಪ್ರಮಾಣಪತ್ರ ಇವುಗಳನ್ನು ಕಡತಕ್ಕೆ ಸೇರಿಸಿದರೆ ಶಾಲೆಯ ಹೊಣೆ ತೀರಿತೆಂಬ ಭಾವನೆ ಆ ಕ್ರಿಯಾಪದದಿಂದಲೇ ಹುಟ್ಟಿದೆ. ನೇಮಕದ ನಂತರದ ವರ್ಷಗಳಲ್ಲಿ ಚಾಲಕನ ಮೇಲೆ ಪ್ರಕರಣ ದಾಖಲಾದರೆ ಅದನ್ನು ಶಾಲೆಗೆ ತಿಳಿಸುವವರು ಯಾರು, ತಿಳಿದ ಶಾಲೆ ಏನು ಮಾಡಬೇಕು ಎಂಬ ಬಗ್ಗೆ ಷರತ್ತಿಗೆ ಹೇಳಲು ಏನೂ ಇಲ್ಲ. ಕಾಯಂ ಚಾಲಕ ರಜೆ ಹಾಕಿದ ದಿನ ಬರುವ ‘ಆ್ಯಕ್ಟಿಂಗ್ ಡ್ರೈವರ್’, ಅಂದರೆ ಒಂದೆರಡು ದಿನಕ್ಕೆಂದು ಕರೆಸಿಕೊಂಡ ಬದಲಿ ಚಾಲಕ, ಈ ಕಡತದಲ್ಲಿ ಇರುವುದೇ ಇಲ್ಲ. ಆದರೆ ಆ ಬೆಳಿಗ್ಗೆ ಮಕ್ಕಳ ಜೀವ ಇರುವುದು ಅವನ ಕೈಯಲ್ಲಿ.

ಇಷ್ಟಕ್ಕೂ ಮಿಗಿಲಾದದ್ದು ಷರತ್ತಿನಲ್ಲಿ ಇಲ್ಲದಿರುವ ಅಂಶ. ಮಕ್ಕಳ ಮೇಲಿನ ಅಪರಾಧಗಳ ಪ್ರಸ್ತಾಪ ಅದರ ಮೂರು ಭಾಗಗಳಲ್ಲಿ ಎಲ್ಲಿಯೂ ಇಲ್ಲ. ಅತಿವೇಗದ ಒಂದು ದೂರು ಚಾಲಕನನ್ನು ಶಾಶ್ವತವಾಗಿ ಹೊರಗಿಡಬಲ್ಲದು. ಮಗುವಿನ ಮೇಲಿನ ದೌರ್ಜನ್ಯದ ಪ್ರಕರಣ ಅವನನ್ನು ಹೊರಗಿಡುತ್ತದೆಂದು ಈ ಪಠ್ಯ ಹೇಳುವುದಿಲ್ಲ. ಮೋಟಾರು ವಾಹನ ಕಾಯ್ದೆಯ 19ನೆಯ ಪ್ರಕರಣ ರೂಢಿಗತ ಅಪರಾಧಿ, ರೂಢಿಗತ ಕುಡುಕ, ವಾಹನವನ್ನು ಬಳಸಿ ಸಂಜ್ಞೇಯ ಅಪರಾಧ ಮಾಡಿದವನು, ಅಂದರೆ ವಾರಂಟ್ ಇಲ್ಲದೆ ಬಂಧಿಸಬಹುದಾದ ಅಪರಾಧ ಮಾಡಿದವನು, ಇವರ ಪರವಾನಗಿಯನ್ನು ರದ್ದುಗೊಳಿಸುವ ಅಧಿಕಾರ ನೀಡುತ್ತದೆ. ಅಲ್ಲಿಯೂ ಮಕ್ಕಳ ಹೆಸರಿಲ್ಲ. 2020ರ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರ ಆ್ಯಪ್ ಆಧಾರಿತ ಟ್ಯಾಕ್ಸಿ ಕಂಪನಿಗಳಿಗಾಗಿ ಹೊರಡಿಸಿದ ಮಾರ್ಗಸೂಚಿ ಚಾಲಕನ ಪೊಲೀಸ್ ಪರಿಶೀಲನೆ, ವೈದ್ಯಕೀಯ ಪರೀಕ್ಷೆ, ಆರಂಭಿಕ ತರಬೇತಿ ಇವುಗಳನ್ನು ಕೇಳಿದ್ದಲ್ಲದೆ, ಹಿಂದಿನ ಮೂರು ವರ್ಷಗಳಲ್ಲಿ ಲೈಂಗಿಕ ಅಪರಾಧಕ್ಕೆ ಶಿಕ್ಷೆಯಾಗಿರಬಾರದೆಂದೂ ಹೇಳಿತು. ಮೊಬೈಲಿನಲ್ಲಿ ಟ್ಯಾಕ್ಸಿ ಕರೆಯುವ ವಯಸ್ಕನಿಗೆ ದೊರೆತಿರುವ ಈ ಒಂದು ಸಾಲಿನ ರಕ್ಷಣೆ, ದಿನಕ್ಕೆರಡು ಬಾರಿ ಅದೇ ಬಸ್ಸನ್ನು ಹತ್ತಲೇಬೇಕಾದ ಆರು ವರ್ಷದ ಮಗುವಿಗೆ ಆ ಹೆಸರುವಾಸಿ ಷರತ್ತಿನಲ್ಲಿ ದೊರೆತಿಲ್ಲ.

ಇಲ್ಲಿ ಈ ವಿಷಯದ ಇತರ ವಿಮರ್ಶಕರೊಡನೆ ಇರುವ ಭಿನ್ನಾಭಿಪ್ರಾಯವನ್ನು ಸ್ಪಷ್ಟಪಡಿಸಬೇಕು. ಒಂದು ಪಂಥದವರು ನಿಯಮ ಉತ್ತಮವಾಗಿದೆ, ಕೊರತೆ ಇರುವುದು ಜಾರಿಯಲ್ಲಿ ಎನ್ನುತ್ತಾರೆ. ಕೇಳಲು ಸಮತೋಲನದ ಮಾತಿನಂತಿರುವ ಇದು ವಾಸ್ತವದಲ್ಲಿ ಪಠ್ಯವನ್ನು ಓದದಿರಲು ಸಿಕ್ಕ ನೆಪ. ಜಾರಿ ಮಾಡಲು ಬೇಕಾದ ಮಾಹಿತಿಯನ್ನು ಹುಟ್ಟಿಸದ, ಯಾರು ಯಾರಿಗೆ ತಿಳಿಸಬೇಕೆಂದು ಹೇಳದ, ಎಣಿಸಲು ಸಾಧ್ಯವಾಗದ್ದನ್ನು ಎಣಿಸಲು ಹೇಳುವ ನಿಯಮವನ್ನು ಎಷ್ಟೇ ಪ್ರಾಮಾಣಿಕ ಅಧಿಕಾರಿಯೂ ಜಾರಿಗೆ ತರಲಾರ. 2024ರ ಏಪ್ರಿಲ್ 11ರಂದು ಹರಿಯಾಣದ ಮಹೇಂದ್ರಗಢ ಜಿಲ್ಲೆಯಲ್ಲಿ ಶಾಲಾ ಬಸ್ಸು ಉರುಳಿ ಆರು ಮಕ್ಕಳು ಸತ್ತ ಪ್ರಸಂಗವನ್ನು ಈ ಪಂಥ ಜಾರಿಯ ವೈಫಲ್ಯವೆಂದೇ ವಿವರಿಸಿತು. ಬಸ್ಸಿನ ಎಫ್‌ಸಿ, ಅಂದರೆ ವಾಹನ ಯೋಗ್ಯತಾ ಪ್ರಮಾಣಪತ್ರ, ವರ್ಷಗಳ ಹಿಂದೆಯೇ ಮುಗಿದಿತ್ತೆಂಬ ವರದಿ ಆ ವಿವರಣೆಗೆ ಬಲ ಕೊಟ್ಟಿತು. ಆದರೆ ಅದೇ ವರದಿಗಳಲ್ಲಿ ಇನ್ನೊಂದು ಸಂಗತಿಯಿತ್ತು: ಚಾಲಕ ಕುಡಿದಿದ್ದಾನೆಂದು ಗುರುತಿಸಿದ ದಾರಿಯ ಹಳ್ಳಿಗರು ಬಸ್ಸಿನ ಕೀಲಿ ಕಿತ್ತುಕೊಂಡಿದ್ದರು, ನಂತರ ಶಾಲೆಯ ಕಡೆಯ ಮಾತಿನ ಮೇಲೆ ಅದನ್ನು ಮರಳಿಸಿದರು ಎಂಬ ಆರೋಪ. ಇದು ನಿಜವಾಗಿದ್ದರೆ, ಅಗತ್ಯವಾದ ಮಾಹಿತಿ ಅಪಘಾತಕ್ಕೆ ಮುನ್ನವೇ ಸಾಮಾನ್ಯ ಜನರ ಕೈಯಲ್ಲಿತ್ತು. ಆ ಮಾಹಿತಿ ಬಸ್ಸನ್ನು ನಿಲ್ಲಿಸುವ ಅಧಿಕಾರವಾಗಿ ಮಾರ್ಪಡುವ ದಾರಿ ಯಾವ ನಿಯಮದಲ್ಲೂ ಇರಲಿಲ್ಲ. ಒಮ್ಮೆಯೂ ಕುಡಿದು ಸಿಕ್ಕಿಬಿದ್ದಿರಬಾರದು ಎಂಬ ಷರತ್ತು ಹಿಂದಿನದನ್ನು ಕೇಳುತ್ತದೆ, ಆ ಬೆಳಗನ್ನು ಕೇಳುವುದಿಲ್ಲ. ಬೆಂಗಳೂರಿನ ಸಂಚಾರ ಪೊಲೀಸರು ಬೆಳಗಿನ ಹೊತ್ತು ಶಾಲಾ ವಾಹನಗಳನ್ನು ತಡೆದು ನಡೆಸಿದ ವಿಶೇಷ ತಪಾಸಣೆಗಳಲ್ಲಿ ಕುಡಿದ ಚಾಲಕರು ಮತ್ತೆ ಮತ್ತೆ ಸಿಕ್ಕಿರುವುದೂ ಇದನ್ನೇ ಹೇಳುತ್ತದೆ.

ಇನ್ನೊಂದು ಪಂಥದವರು ಉಪಕರಣವಾದಿಗಳು. ಜಿಪಿಎಸ್, ಸಿಸಿಟಿವಿ, ಪೋಷಕರ ಮೊಬೈಲಿಗೆ ಬರುವ ಸಂದೇಶ ಇವು ಬಂದ ಮೇಲೆ ಚಾಲಕನ ಪೂರ್ವಾಪರದ ಚರ್ಚೆಯೇ ಹಳತಾಯಿತೆಂಬುದು ಅವರ ನಿಲುವು. ಜಿಪಿಎಸ್ ಬಸ್ಸು ಎಲ್ಲಿದೆಯೆಂದು ಹೇಳುತ್ತದೆ, ಸಿಸಿಟಿವಿ ನಡೆದುಹೋದದ್ದನ್ನು ತೋರಿಸುತ್ತದೆ. ಎರಡಕ್ಕೂ ತಮ್ಮ ಉಪಯೋಗವಿದೆ, ತನಿಖೆಗೆ ಅವು ಅಮೂಲ್ಯ. ಆದರೆ ಯಾರ ಕೈಗೆ ಮಗುವನ್ನು ಒಪ್ಪಿಸಬೇಕೆಂಬ ನಿರ್ಧಾರ ಉಪಕರಣ ಕೆಲಸ ಶುರುಮಾಡುವ ಮುಂಚಿನದು. ಉಪಕರಣವನ್ನು ಆ ನಿರ್ಧಾರದ ಬದಲಿಗೆ ತಂದಿಟ್ಟಾಗ ಶಾಲೆ ಪೋಷಕರಿಗೆ ವಿಶ್ವಾಸದ ಜಾಗದಲ್ಲಿ ಚಿತ್ರವನ್ನು ಕೊಟ್ಟಂತಾಗುತ್ತದೆ. ಈ ಎರಡು ಪಂಥಗಳೂ ಪರಸ್ಪರ ವಿರೋಧಿಗಳಂತೆ ವಾದಿಸಿದರೂ ಚಾಲಕನ ವಿಚಾರಣೆಯ ಮಾನದಂಡವನ್ನು ಮರುಪರಿಶೀಲಿಸಬೇಕಿಲ್ಲ ಎಂಬ ಒಂದು ನಂಬಿಕೆಯಲ್ಲಿ ಒಂದಾಗಿವೆ. ಹಳೆಯ ಷರತ್ತು ಇಷ್ಟು ವರ್ಷ ಪ್ರಶ್ನೆಗೊಳಗಾಗದೆ ಉಳಿಯಲು ಈ ಒಮ್ಮತವೇ ಕಾರಣ.

ಕಡೆಗಣಿಸಲಾದ ಪಠ್ಯ 2012ರ ಪೋಕ್ಸೊ ಕಾಯ್ದೆಯ, ಅಂದರೆ ಲೈಂಗಿಕ ಅಪರಾಧಗಳಿಂದ ಮಕ್ಕಳನ್ನು ರಕ್ಷಿಸುವ ಕಾಯ್ದೆಯ, ಅಡಿಯಲ್ಲಿ 2020ರ ಮಾರ್ಚ್‌ನಲ್ಲಿ ಜಾರಿಗೆ ಬಂದ ನಿಯಮಗಳ 3ನೆಯ ನಿಯಮದಲ್ಲಿದೆ. ಶಾಲೆ, ಶಿಶುವಿಹಾರ, ಕ್ರೀಡಾ ಅಕಾಡೆಮಿ ಸೇರಿದಂತೆ ಮಕ್ಕಳೊಡನೆ ನಿಯತ ಸಂಪರ್ಕವಿರುವ ಪ್ರತಿಯೊಂದು ಸಂಸ್ಥೆಯೂ ಬೋಧಕ, ಬೋಧಕೇತರ, ಕಾಯಂ, ಗುತ್ತಿಗೆ ಎಂಬ ಭೇದವಿಲ್ಲದೆ ತನ್ನ ಸಿಬ್ಬಂದಿಯ ಪೊಲೀಸ್ ಪರಿಶೀಲನೆ ಹಾಗೂ ಹಿನ್ನೆಲೆ ವಿಚಾರಣೆಯನ್ನು ನಿಯತಕಾಲಿಕವಾಗಿ ನಡೆಸಬೇಕು, ಮಕ್ಕಳ ರಕ್ಷಣೆಯ ತರಬೇತಿಯನ್ನೂ ಕಾಲಕಾಲಕ್ಕೆ ಕೊಡಬೇಕು ಎಂಬುದು ಅದರ ಸಾರ. 1997ರ ಷರತ್ತಿಗೆ ಹೋಲಿಸಿದರೆ ಇದು ಮೂರು ಹೆಜ್ಜೆ ಮುಂದಿದೆ. ವಿಚಾರಣೆಯ ಕೇಂದ್ರಕ್ಕೆ ವಾಹನದ ಬದಲು ಮಗು ಬಂದಿದೆ. ಗುತ್ತಿಗೆ ಚಾಲಕನೂ ವ್ಯಾಪ್ತಿಯೊಳಗೆ ಬಂದಿದ್ದಾನೆ. ‘ನಿಯತಕಾಲಿಕ’ ಎಂಬ ಒಂದು ಪದದಿಂದ ಬಾಗಿಲಲ್ಲಿ ನಡೆಯುತ್ತಿದ್ದ ಪರಿಶೀಲನೆ ನಿರಂತರ ಹೊಣೆಯಾಗಿ ಬದಲಾಗಿದೆ. ಹೀಗಿದ್ದೂ ಶಾಲಾ ಸಾರಿಗೆಯ ಚರ್ಚೆಗಳಲ್ಲಿ ಈ ನಿಯಮದ ಹೆಸರು ಕೇಳಿಸುವುದೇ ವಿರಳ, ಏಕೆಂದರೆ ಅದು ಸಾರಿಗೆ ಇಲಾಖೆಯ ಕಪಾಟಿನಲ್ಲಿಲ್ಲ, ಮಹಿಳಾ ಮತ್ತು ಮಕ್ಕಳ ಇಲಾಖೆಯ ಕಪಾಟಿನಲ್ಲಿದೆ.

ಈ ನಿಯಮವೂ ದೋಷರಹಿತವಲ್ಲ. ನಿಯತಕಾಲಿಕವೆಂದರೆ ವರ್ಷಕ್ಕೊಮ್ಮೆಯೋ ಐದು ವರ್ಷಕ್ಕೊಮ್ಮೆಯೋ ಎಂದು ಅದು ಹೇಳಿಲ್ಲ. ಅದಕ್ಕಿಂತ ಗಂಭೀರವಾದದ್ದು ‘ಸಂಸ್ಥೆಯ ನೌಕರ’ ಎಂಬ ಪದ ಎಳೆಯುವ ಗೆರೆ. ನಗರಗಳಲ್ಲಿ ಅಪಾರ ಸಂಖ್ಯೆಯ ಮಕ್ಕಳು ಹೋಗುವುದು ಶಾಲೆಯ ಬಸ್ಸಿನಲ್ಲಲ್ಲ, ಪೋಷಕರೇ ಮಾತಾಡಿಕೊಂಡ ವ್ಯಾನು, ಟೆಂಪೊ ಟ್ರಾವೆಲರ್, ಆಟೊಗಳಲ್ಲಿ. ಆ ಚಾಲಕ ಶಾಲೆಯ ನೌಕರನಲ್ಲ, ಪೋಷಕರು ಸಂಸ್ಥೆಯಲ್ಲ, ಆದ್ದರಿಂದ ಅವನ ಪೂರ್ವಾಪರವನ್ನು ವಿಚಾರಿಸುವ ಕಾನೂನುಬದ್ಧ ಹೊಣೆ ಈ ನಿಯಮದಡಿ ಯಾರ ಮೇಲೂ ಬೀಳುವುದಿಲ್ಲ. ಹಳೆಯ ಷರತ್ತಿನ ‘ಭಾರಿ ವಾಹನದ ಅನುಭವ’ ಎಂಬ ಮಾತಂತೂ ವ್ಯಾನಿನ ಚಾಲಕನನ್ನು ಮುಟ್ಟುವುದೇ ಇಲ್ಲ. 2018ರ ಏಪ್ರಿಲ್‌ನಲ್ಲಿ ಉತ್ತರ ಪ್ರದೇಶದ ಕುಶಿನಗರದ ಬಳಿ ಕಾವಲಿಲ್ಲದ ರೈಲ್ವೆ ಹಳಿಯಲ್ಲಿ ರೈಲಿಗೆ ಸಿಕ್ಕು 13 ಮಕ್ಕಳು ಸತ್ತದ್ದು ವ್ಯಾನಿನಲ್ಲಿ. ಕರ್ನಾಟಕ 2012ರಲ್ಲಿ ಶಾಲಾ ಮಕ್ಕಳನ್ನು ಸಾಗಿಸುವ ವಾಹನಗಳಿಗೆಂದೇ ಪ್ರತ್ಯೇಕ ನಿಯಮಗಳನ್ನು ಮಾಡಿ ‘ಸ್ಕೂಲ್ ಕ್ಯಾಬ್’ ಎಂಬ ವರ್ಗವನ್ನು ಗುರುತಿಸಿದ್ದು ಈ ದೃಷ್ಟಿಯಿಂದ ಮೆಚ್ಚತಕ್ಕದ್ದು. ಆದರೆ 2024ರ ನವೆಂಬರ್ 6ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಬಜಾಜ್ ಅಲಯನ್ಸ್ ಮತ್ತು ರಂಭಾ ದೇವಿ ಪ್ರಕರಣದಲ್ಲಿ, ಲಘು ಮೋಟಾರು ವಾಹನದ ಪರವಾನಗಿ ಇದ್ದವನು 7,500 ಕಿಲೋಗ್ರಾಮಿನೊಳಗಿನ ಸಾರಿಗೆ ವಾಹನವನ್ನು ಓಡಿಸಲು ಪ್ರತ್ಯೇಕ ಅನುಮೋದನೆ ಬೇಕಿಲ್ಲವೆಂದು ತೀರ್ಮಾನಿಸಿತು. ವಿಮೆಯ ವ್ಯಾಜ್ಯಗಳ ಹಿನ್ನೆಲೆಯಲ್ಲಿ, ಲಕ್ಷಾಂತರ ಚಾಲಕರ ಬದುಕನ್ನು ಗಮನದಲ್ಲಿಟ್ಟು ಬಂದ ಆ ತೀರ್ಪಿನ ಔಚಿತ್ಯ ಇಲ್ಲಿನ ಚರ್ಚೆಯ ವಿಷಯವಲ್ಲ; ಅದರ ಪರಿಣಾಮವಾಗಿ ಸಣ್ಣ ಶಾಲಾ ವಾಹನದ ಚಾಲಕನನ್ನು ಪರವಾನಗಿಯ ಹಂತದಲ್ಲಿ ಬೇರೆಯಾಗಿ ನೋಡುವ ಒಂದು ಅವಕಾಶ ಕಿರಿದಾಗಿದೆ, ಹಾಗಾಗಿ ಪೂರ್ವಾಪರ ವಿಚಾರಣೆಯ ಮೇಲಿನ ಭಾರ ಹೆಚ್ಚಾಗಿದೆ.

ವಿಚಾರಣೆ ಬೇಕೆನ್ನುವವರು ಅದರ ಅಪಾಯವನ್ನೂ ಒಪ್ಪಿಕೊಳ್ಳಬೇಕು. 2017ರ ಸೆಪ್ಟೆಂಬರ್‌ನಲ್ಲಿ ಗುರುಗ್ರಾಮದ ಶಾಲೆಯೊಂದರಲ್ಲಿ ಏಳು ವರ್ಷದ ಬಾಲಕನ ಕೊಲೆಯಾದಾಗ ಪೊಲೀಸರು ಮೊದಲು ಬಂಧಿಸಿದ್ದು ಬಸ್ಸಿನ ಕಂಡಕ್ಟರನನ್ನು. ಕೆಲವೇ ದಿನಗಳಲ್ಲಿ ಸಿಬಿಎಸ್‌ಇ ಚಾಲಕರು, ಕಂಡಕ್ಟರುಗಳು ಸೇರಿದಂತೆ ಎಲ್ಲ ಸಿಬ್ಬಂದಿಯ ಪೊಲೀಸ್ ಪರಿಶೀಲನೆ ಮತ್ತು ಮನೋಮಾಪನ, ಅಂದರೆ ಪ್ರಶ್ನಾವಳಿಗಳ ಮೂಲಕ ಸ್ವಭಾವವನ್ನು ಅಳೆಯುವ ಪರೀಕ್ಷೆ, ಎರಡು ತಿಂಗಳೊಳಗೆ ಮುಗಿಯಬೇಕೆಂದು ಆದೇಶಿಸಿತು. ನವೆಂಬರ್‌ನಲ್ಲಿ ಸಿಬಿಐ ತನಿಖೆ ಅದೇ ಶಾಲೆಯ ಹಿರಿಯ ವಿದ್ಯಾರ್ಥಿಯೊಬ್ಬನತ್ತ ತಿರುಗಿತು, ಮುಂದೆ ನ್ಯಾಯಾಲಯ ಕಂಡಕ್ಟರನನ್ನು ಆರೋಪದಿಂದ ಬಿಡುಗಡೆ ಮಾಡಿತು. ಆದೇಶಕ್ಕೆ ಪ್ರೇರಣೆಯಾದ ಆರೋಪ ಬಿದ್ದುಹೋಯಿತು. ಅದು ಬಡ ಸಿಬ್ಬಂದಿಯ ಮೇಲೆ ಹೊರಿಸಿದ ಅನುಮಾನ ಮಾತ್ರ ಉಳಿಯಿತು. ಆದ್ದರಿಂದ ಚಾಲಕನಿಗೆ ತನ್ನ ದಾಖಲೆಯನ್ನು ನೋಡುವ, ತಪ್ಪಿದ್ದರೆ ತಿದ್ದಿಸುವ, ಅನರ್ಹತೆಯ ವಿರುದ್ಧ ಮೇಲ್ಮನವಿ ಸಲ್ಲಿಸುವ ಹಕ್ಕಿಲ್ಲದ ವಿಚಾರಣೆ ಅನ್ಯಾಯದ ವಿಚಾರಣೆ.

ಬ್ರಿಟನ್ನಿನ ಉದಾಹರಣೆ ಈ ಎರಡೂ ಅಗತ್ಯಗಳನ್ನು ಒಟ್ಟಿಗೆ ಎದುರಿಸಿದ ರೀತಿಗಾಗಿ ಗಮನಾರ್ಹ. 2002ರಲ್ಲಿ ಸೋಹಮ್ ಎಂಬ ಊರಿನಲ್ಲಿ ಇಬ್ಬರು ಬಾಲಕಿಯರನ್ನು ಶಾಲೆಯೊಂದರ ಕಟ್ಟಡ ನೋಡಿಕೊಳ್ಳುವ ನೌಕರನೊಬ್ಬ ಕೊಂದ ನಂತರ ನೇಮಕವಾದ ಬಿಚರ್ಡ್ ವಿಚಾರಣಾ ಸಮಿತಿ 2004ರಲ್ಲಿ ವರದಿ ಕೊಟ್ಟಿತು. ಅಪರಾಧಿಯ ಮೇಲಿನ ಹಳೆಯ ದೂರುಗಳ ಮಾಹಿತಿ ಒಂದು ಪ್ರದೇಶದ ಪೊಲೀಸರಿಂದ ಅವನನ್ನು ನೇಮಿಸಿಕೊಂಡವರಿಗೆ ತಲುಪಿರಲಿಲ್ಲವೆಂದು ಅದು ತೋರಿಸಿತು. 2012ರ ಕೊನೆಯಲ್ಲಿ ಅಲ್ಲಿ ಸ್ಥಾಪನೆಯಾದ ಡಿಬಿಎಸ್ ಎಂಬ ಸಂಸ್ಥೆ ಮಕ್ಕಳೊಡನೆ ಕೆಲಸ ಮಾಡಕೂಡದವರ ಪಟ್ಟಿಯನ್ನು ಇಡುತ್ತದೆ, ಉದ್ಯೋಗದಾತರಿಗೆ ತೋರಿಸಬೇಕಾದ ಪ್ರಮಾಣಪತ್ರವನ್ನು ಅರ್ಜಿದಾರರಿಗೆ ಕೊಡುತ್ತದೆ, 2013ರಿಂದ ಪ್ರಮಾಣಪತ್ರದ ಸ್ಥಿತಿ ಬದಲಾಗಿದೆಯೇ ಎಂದು ಮತ್ತೆ ಮತ್ತೆ ನೋಡುವ ಸೌಲಭ್ಯವನ್ನೂ ಒದಗಿಸಿದೆ. ಪಟ್ಟಿಗೆ ಸೇರಿದವರಿಗೆ ಮೇಲ್ಮನವಿಯ ದಾರಿಯೂ ಇದೆ. ಭಾರತದಲ್ಲಿ 2018ರ ಸೆಪ್ಟೆಂಬರ್‌ನಲ್ಲಿ ಲೈಂಗಿಕ ಅಪರಾಧಿಗಳ ರಾಷ್ಟ್ರೀಯ ದತ್ತಾಂಶ ಕೋಶ ಆರಂಭವಾಯಿತಾದರೂ ಅದನ್ನು ನೋಡಬಲ್ಲವು ಕಾನೂನು ಪಾಲನಾ ಸಂಸ್ಥೆಗಳು ಮಾತ್ರ. ಗೋಪ್ಯತೆಯ ದೃಷ್ಟಿಯಿಂದ ಆ ಮಿತಿ ಸರಿಯೇ; ಆದರೆ ಶಾಲೆಯೊಂದು ಹೆಸರು ಕೊಟ್ಟು ಕೇಳಿದಾಗ ಈ ಕೆಲಸಕ್ಕೆ ಅರ್ಹ, ಅನರ್ಹ ಎಂಬಷ್ಟೇ ಉತ್ತರ ಕೊಡಲು ಹೊಣೆಗಾರ ಸಂಸ್ಥೆಯೊಂದು ಬೇಕು.

1997ರ ನಿರ್ದೇಶನಗಳಿಗೆ ಸಲ್ಲಬೇಕಾದ ಮನ್ನಣೆಯನ್ನು ನಿರಾಕರಿಸುವಂತಿಲ್ಲ. ಶಾಲಾ ಬಸ್ಸಿನ ಚಾಲಕ ಇತರ ಚಾಲಕರಂತಲ್ಲ ಎಂಬ ತತ್ವವನ್ನು ಮೊದಲು ಸಾರಿದ್ದು ಅವು, ಅದೂ ದುಃಖದ ಎರಡು ದಿನಗಳೊಳಗೆ. ತುರ್ತಿನಲ್ಲಿ ಒಂದು ನಗರಕ್ಕಾಗಿ ಬರೆದ ಆ ಪಠ್ಯವನ್ನು ಕಾಲು ಶತಮಾನಕ್ಕೂ ಹೆಚ್ಚು ಕಾಲ ಇಡೀ ದೇಶದ ಕೊನೆಯ ಮಾತೆಂದು ನಕಲಿಸುತ್ತ ಬಂದವರದೇ ದೋಷ. ಈಗ ಆಗಬೇಕಾದದ್ದು ಅದರ ಇನ್ನೊಂದು ನಕಲಲ್ಲ. 2020ರ ನಿಯಮದ ‘ನಿಯತಕಾಲಿಕ’ ಎಂಬ ಪದಕ್ಕೆ ವರ್ಷದ ಗಡುವನ್ನು ಸೇರಿಸಬೇಕು. ‘ಸಂಸ್ಥೆಯ ನೌಕರ’ ಎಂಬುದರ ಜಾಗದಲ್ಲಿ ಮಕ್ಕಳನ್ನು ಶಾಲೆಗೆ ಕರೆತರುವ ಪ್ರತಿಯೊಬ್ಬ ಚಾಲಕನೂ, ಬದಲಿ ಚಾಲಕನೂ ಬರಬೇಕು. ಚಲನ್ ವಾಹನದ ಸಂಖ್ಯೆಯ ಜೊತೆಗೆ ಆ ಹೊತ್ತಿನಲ್ಲಿ ಓಡಿಸಿದವನ ಪರವಾನಗಿಗೂ ಸೇರುವಂತೆ ಮಾಲೀಕರು ದಿನವಹಿಯಲ್ಲಿ ಚಾಲಕನ ಹೆಸರು ಬರೆಯುವುದು ಕಡ್ಡಾಯವಾಗಬೇಕು. ಬೆಳಿಗ್ಗೆ ಕೀಲಿ ಕೊಡುವ ಮುನ್ನ ಚಾಲಕನ ಉಸಿರು ಪರೀಕ್ಷಿಸುವ ಹೊಣೆ ಹೆಸರಿಸಿದ ಒಬ್ಬ ವ್ಯಕ್ತಿಯದಾಗಬೇಕು. ಮಗುವನ್ನು ಬಸ್ಸಿಗೆ ಹತ್ತಿಸಿ ಕೈ ಬೀಸುವ ತಂದೆತಾಯಿಗೆ ಆ ಚಾಲಕನ ಪರವಾನಗಿಗೆ ಎಷ್ಟು ವರ್ಷವಾಯಿತೆಂಬ ಲೆಕ್ಕ ಸಾಲದು; ಇಂದು ಅವನನ್ನು ವಿಚಾರಿಸಿ ಕಳುಹಿಸಿದವರು ಯಾರು ಎಂಬ ಪ್ರಶ್ನೆಗೆ ಒಂದು ಹೆಸರು ಉತ್ತರವಾಗಿ ಸಿಗಬೇಕು, ಮತ್ತು ಅದನ್ನು ಕೊಡಲಾರದ ನಿಯಮವನ್ನು ಪ್ರಮಾಣವೆಂದು ಕರೆಯುವುದನ್ನು ನಿಲ್ಲಿಸಬೇಕು.